ಹಾಟ್ ರಾಡ್ ಚಕ್ರಕ್ಕೆ ಬಣ್ಣ, ಬಣ್ಣದ ಮೇಲೆ ಗೆರೆ: ಮನೆಯಲ್ಲೇ ಮಾಡುವ ಪೂರ್ತಿ ಕ್ರಮ

ಹಾಟ್ ರಾಡ್ ಅಂದರೆ ವೇಗಕ್ಕೂ ಅಂದಕ್ಕೂ ಮಾರ್ಪಡಿಸಿದ ಹಳೇ ಕಾರು. ಅದರಲ್ಲಿ ಚಕ್ರಕ್ಕೆ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ಮಡ್‌ಗಾರ್ಡ್ ಬಿಚ್ಚಿದ 1932ರ ಫೋರ್ಡ್ ರೋಡ್‌ಸ್ಟರ್ ಒಂದನ್ನು ನೋಡಿ. ನಾಲ್ಕೂ ಚಕ್ರ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಪೂರ್ತಿ ಕಾಣುತ್ತವೆ. ಒಳಮೈ ಕೂಡ ಕಾಣುತ್ತದೆ. ಗಾಡಿಯ ಮೈಗೆ ಎಷ್ಟೇ ಚೆನ್ನಾಗಿ ಬಣ್ಣ ಹೊಡೆದಿದ್ದರೂ ಚಕ್ರ ಒರಟಾಗಿದ್ದರೆ ಗಾಡಿ ಅರ್ಧ ಮುಗಿದ ಹಾಗೆ ಕಾಣುತ್ತದೆ.

ಚಕ್ರಕ್ಕೆ ಬಣ್ಣ ಹೊಡೆಯಲು ತುಂಬ ಜನ ಮುಂದೆ ಬರುತ್ತಾರೆ. ಗೆರೆ ಎಳೆಯುವ ಮಾತು ಬಂದರೆ ಮಾತ್ರ ಹಿಂಜರಿಯುತ್ತಾರೆ. ಕೈ ನಡುಗುತ್ತದೆ, ನಮ್ಮಿಂದಾಗದ ಕೆಲಸ ಅನ್ನುತ್ತಾರೆ. 1950ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ವಾನ್ ಡಚ್ ಎಂದೇ ಹೆಸರಾದ ಕೆನ್ನೆತ್ ಹೋವರ್ಡ್ ಬಾನೆಟ್ ಮೇಲೆ, ಡ್ಯಾಶ್‌ಬೋರ್ಡ್ ಮೇಲೆ ಬರೆಯುತ್ತಿದ್ದಂಥ ಬಳ್ಳಿ ಗೆರೆಗಳಾದರೆ ಆ ಭಯ ಸರಿ. ಅದಕ್ಕೆ ವರ್ಷಗಟ್ಟಲೆ ಕೈ ಪಳಗಬೇಕು. ಚಕ್ರದ ಗೆರೆ ಬೇರೆ. ಇಲ್ಲಿ ಕೈ ಓಡುವುದಿಲ್ಲ, ಚಕ್ರ ಓಡುತ್ತದೆ. ಬ್ರಶ್ ಹಿಡಿದ ಕೈಯನ್ನು ಒಂದೇ ಕಡೆ ಊರಿ ಚಕ್ರವನ್ನು ತಿರುಗಿಸಿದರೆ ವೃತ್ತ ತಾನಾಗಿ ಬರುತ್ತದೆ. ಮೋಟಾರು ಬರುವುದಕ್ಕೂ ಮೊದಲು ಕುದುರೆಗಾಡಿಗೆ ಬಣ್ಣ ಬಳಿಯುತ್ತಿದ್ದವರು ಮರದ ಚಕ್ರಕ್ಕೆ ಗೆರೆ ಹಾಕುತ್ತಿದ್ದದ್ದೂ ಹೀಗೆಯೇ. ಮುಂದೆ ಹೇಳುವ ತಯಾರಿಯೆಲ್ಲ ಚಕ್ರ ಅಲುಗಾಡದೆ ತಿರುಗಬೇಕು, ಅದರ ಮೈ ನುಣುಪಾಗಿರಬೇಕು ಎನ್ನುವುದಕ್ಕಾಗಿಯೇ.

ಇಲ್ಲಿ ಹೇಳುವುದು ಉಕ್ಕಿನ ಚಕ್ರದ ಬಗ್ಗೆ ಮಾತ್ರ. 1940ರ ಫೋರ್ಡ್‌ನ 16 ಇಂಚಿನ ಚಕ್ರ, ಆಮೇಲೆ ಬಂದ 15 ಇಂಚಿನ ಸಾದಾ ಉಕ್ಕಿನ ಚಕ್ರ, ಈಗ ಹೊಸದಾಗಿ ಮಾಡುವ ಹಳೇ ಮಾದರಿಯವು, ಎಲ್ಲಕ್ಕೂ ಕ್ರಮ ಒಂದೇ. 1935ರ ಫೋರ್ಡ್‌ನಂಥ ಕಡ್ಡಿ ಚಕ್ರಕ್ಕೆ ಬಣ್ಣ ಹೊಡೆಯುವುದು ಇದರ ಎರಡರಷ್ಟು ಕೆಲಸ. ಪ್ರತಿ ಕಡ್ಡಿಗೂ ನಾಲ್ಕು ದಿಕ್ಕಿನಿಂದ ಸ್ಪ್ರೇ ಗನ್ ಹಿಡಿಯಬೇಕು.

ಚಕ್ರ ನೆಟ್ಟಗಿದೆಯಾ?

ಟೈರ್ ಬಿಚ್ಚಿಸಿ. ವಾಲ್ವ್ ತೆಗೆಸಿ. ಚಕ್ರ ಸಮತೋಲದಲ್ಲಿ ತಿರುಗಲೆಂದು ರಿಮ್ಮಿಗೆ ಹಾಕಿದ ಹಳೆಯ ಬ್ಯಾಲೆನ್ಸ್ ತೂಕಗಳನ್ನೂ ಕಿತ್ತುಹಾಕಿ. ಟೈರ್ ಮೇಲೆ ಟೇಪ್ ಅಂಟಿಸಿ ಹಾಗೇ ಬಣ್ಣ ಹೊಡೆದರೆ ರಿಮ್ಮಿನ ಅಂಚಿನಲ್ಲಿ ಅದು ಕಂಡೇ ಕಾಣುತ್ತದೆ. ತುಕ್ಕು ಹಿಡಿದಿರುವುದೂ ಅಲ್ಲೇ.

ಈಗ ಬರಿ ಚಕ್ರವನ್ನು ಗಾಡಿಯ ಮುಂದಿನ ಹಬ್‌ಗೆ (ಚಕ್ರ ಕೂರಿಸುವ, ತಿರುಗುವ ನಡುಭಾಗ) ಹಾಕಿ ನಟ್ಟು ಬಿಗಿ ಮಾಡಿ. ಗಾಡಿಯ ಭಾರ ಜಾಕ್ ಮೇಲೆ ಬಿಡಬೇಡಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಒಂದು ಮರದ ತುಂಡಿಗೆ ಮೊಳೆ ಹೊಡೆದು, ಮೊಳೆಯ ತುದಿ ರಿಮ್ಮಿಗೆ ತಾಗಿಯೂ ತಾಗದ ಹಾಗೆ ನೆಲದ ಮೇಲೆ ಇಡಿ. ಚಕ್ರವನ್ನು ನಿಧಾನಕ್ಕೆ ತಿರುಗಿಸುತ್ತ ಆ ಸಂದು ನೋಡಿ. ಸಂದು ಒಂದೇ ಸಮನೆ ಇರಬೇಕು. ಅಕ್ಕಪಕ್ಕಕ್ಕಾಗಲಿ, ಮೇಲೆ ಕೆಳಗಾಗಲಿ 1.5 ಮಿ.ಮೀ.ಗಿಂತ ಜಾಸ್ತಿ ಆಡುತ್ತಿದ್ದರೆ ಆ ಚಕ್ರಕ್ಕೆ ಬಣ್ಣದ ಖರ್ಚು ಬೇಡ. ಓಡಿಸುವಾಗ ಸ್ಟಿಯರಿಂಗ್ ನಡುಗುತ್ತದೆ, ಎಳೆದ ಗೆರೆಯೂ ತಿರುಗುವಾಗ ಕುಣಿಯುತ್ತದೆ. ಅದಕ್ಕೂ ಮೊದಲು ಹಬ್ ಬೇರಿಂಗ್‌ನಲ್ಲಿ ಸಡಿಲ ಇಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಸುಮ್ನೆ ಚಕ್ರದ ಮೇಲೆ ಗೂಬೆ ಕೂರಿಸಿದ ಹಾಗಾಗುತ್ತದೆ.

ನಟ್ಟಿನ ತೂತುಗಳ ಸುತ್ತ ಬೆರಳಾಡಿಸಿ ನೋಡಿ. ತೂತು ಮೊಟ್ಟೆಯಾಕಾರಕ್ಕೆ ಬಂದಿದ್ದರೆ, ಅದರ ಅಂಚಿನಿಂದ ಕೂದಲೆಳೆಯಷ್ಟು ಬಿರುಕು ಹೊರಟಿದ್ದರೆ, ಆ ಚಕ್ರವನ್ನು ಗುಜರಿಗೆ ಹಾಕಿ. ಬೆಸುಗೆ ಹಾಕಿ ಉಳಿಸಿಕೊಳ್ಳುವ ಭಾಗ ಅದಲ್ಲ.

ತುಕ್ಕು ಬಿಡಿಸುವುದು

ಸ್ಯಾಂಡ್ ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಲ್ಲಿ ಮರಳಿನಂಥ ಪುಡಿ ಹೊಡೆದು ತುಕ್ಕು ಬಿಡಿಸುವುದು, ಮಾಡುವವರು ಸಿಕ್ಕರೆ ಅದೇ ಒಳ್ಳೆಯ ದಾರಿ. ರಿಮ್ಮು ಮತ್ತು ನಡುವಿನ ತಟ್ಟೆ ಕೂಡುವ ಸಂದಿಗೆ ಬೇರೆ ಯಾವುದೂ ಸರಿಯಾಗಿ ಹೋಗುವುದಿಲ್ಲ. ಬ್ಲಾಸ್ಟ್ ಆದ ಉಕ್ಕು ಬೂದು ಬಣ್ಣಕ್ಕೆ ತಿರುಗಿ ತುಕ್ಕು ಹಿಡಿಯಲು ಕಾದಿರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಗುರುತಿದ್ದಲ್ಲೇ ತುಕ್ಕು ಏಳುತ್ತದೆ. ಕೈಗವಸು ಹಾಕಿಕೊಂಡು ತಂದು ಅದೇ ದಿನ ಪ್ರೈಮರ್ ಹೊಡೆಯಿರಿ.

ಮನೆಯಲ್ಲೇ ಮಾಡುವುದಾದರೆ ಗ್ರೈಂಡರ್‌ಗೆ ತಂತಿ ಬ್ರಶ್ ಸಿಕ್ಕಿಸಿ ಉಜ್ಜಬಹುದು. ಕನ್ನಡಕದ ಜೊತೆಗೆ ಮುಖಕ್ಕೆ ಶೀಲ್ಡ್ ಕೂಡ ಇರಲಿ, ತಂತಿಗಳು ಮುರಿದು ಹಾರುತ್ತವೆ. ಮೂಲೆಗಳಿಗೆ 80 ನಂಬರ್ ಎಮರಿ ಪೇಪರ್ ಹಿಡಿದು ಕೈಯಿಂದಲೇ ಉಜ್ಜಬೇಕು. ಇನ್ನೊಂದು ದಾರಿ ಎಂದರೆ ನೀರಿಗೆ ವಾಷಿಂಗ್ ಸೋಡಾ ಹಾಕಿ ಬ್ಯಾಟರಿ ಚಾರ್ಜರ್‌ನಿಂದ ಕರೆಂಟ್ ಹರಿಸುವುದು. ಚಕ್ರಕ್ಕೆ ನೆಗೆಟಿವ್, ಪಕ್ಕದಲ್ಲಿ ಇಳಿಬಿಟ್ಟ ಸಾದಾ ಕಬ್ಬಿಣದ ಹಾಳೆಗೆ ಪಾಸಿಟಿವ್. ಆ ಹಾಳೆ ಸ್ಟೇನ್‌ಲೆಸ್ ಸ್ಟೀಲ್ ಆಗಿರಲೇಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಹೈಡ್ರೋಜನ್ ಗ್ಯಾಸ್ ಏಳುವುದರಿಂದ ಬಯಲಲ್ಲಿ ಮಾಡಿ, ಹತ್ತಿರ ಬೆಂಕಿ ಬೇಡ.

ತುಕ್ಕು ತಿಂದ ಸಣ್ಣ ಗುಳಿಗಳು ಉಳಿದೇ ಉಳಿಯುತ್ತವೆ. ಅವುಗಳನ್ನು ಉಕ್ಕು ಸವೆಸಿ ಸಮ ಮಾಡಲು ಹೋಗಬೇಡಿ. ದಪ್ಪಗೆ ಪುಟ್ಟಿ ಮೆತ್ತುವುದೂ ಬೇಡ, ಓಡುವಾಗ ಚಕ್ರ ಸ್ವಲ್ಪ ಬಾಗುತ್ತದೆ, ಪುಟ್ಟಿ ಬಿರಿಯುತ್ತದೆ. ಎಪಾಕ್ಸಿ ಪ್ರೈಮರ್ ಮೇಲೆ ತೆಳುವಾಗಿ ಗ್ಲೇಜಿಂಗ್ ಪುಟ್ಟಿ (ಸಣ್ಣ ಗುಳಿ ತುಂಬುವ ನುಣುಪು ಪುಟ್ಟಿ) ಎಳೆದರೆ ಸಾಕು.

ಬಣ್ಣ ಹತ್ತಬಾರದ ಜಾಗ

ಇದು ಅಂದಕ್ಕಿಂತ ದೊಡ್ಡ ವಿಷಯ. ಚಕ್ರದ ಹಿಂಬದಿ ಹಬ್‌ಗೆ ತಾಗಿ ಕೂರುವ ಚಪ್ಪಟೆ ಭಾಗ, ನಟ್ಟು ಕೂರುವ ಇಳಿಜಾರಿನ ತೂತು, ಇವೆರಡರ ಮೇಲೂ ದಪ್ಪ ಬಣ್ಣ ಇರಕೂಡದು. ನಟ್ಟು ಬಿಗಿ ಮಾಡಿದಾಗ ನಡುವೆ ಬಣ್ಣದ ಪದರ ಸಿಕ್ಕಿಕೊಂಡರೆ ಓಡಿಸುತ್ತ ಓಡಿಸುತ್ತ ಅದು ಅಮರಿ ತೆಳ್ಳಗಾಗುತ್ತದೆ. ನಟ್ಟಿನ ಬಿಗಿ ಅಷ್ಟು ಸಡಿಲವಾಗುತ್ತದೆ. ಚಕ್ರ ಕಳಚುವುದು ಹೀಗೇ. ಹಿಂಬದಿಗೆ ತೆಳುವಾಗಿ ಒಂದು ಕೋಟು ಪ್ರೈಮರ್ ಸಾಕು. ನಟ್ಟು ಕೂರುವ ತೂತುಗಳಿಗೆ ಅಳತೆಗೆ ಸರಿಯಾದ ರಬ್ಬರ್ ಬಿರಡೆ ಹಾಕಿ, ಅಥವಾ ಟೇಪನ್ನು ಗುಂಡಗೆ ಕತ್ತರಿಸಿ ಅಂಟಿಸಿ. ಪೌಡರ್ ಕೋಟಿಂಗ್‌ಗೆ (ಬಣ್ಣದ ಪುಡಿ ಹಚ್ಚಿ ಒಲೆಯಲ್ಲಿ ಕಾಯಿಸುವುದು) ಕೊಡುವವರು ಇದನ್ನು ಇನ್ನೂ ಒತ್ತಿ ಹೇಳಬೇಕು, ಆ ಪದರ ಸಾಮಾನ್ಯ ಬಣ್ಣಕ್ಕಿಂತ ದಪ್ಪ.

ಟೈರ್‌ನ ಅಂಚು ಕೂರುವ ರಿಮ್ಮಿನ ಒಳಗಿನ ಭಾಗಕ್ಕೂ ತೆಳು ಕೋಟು ಸಾಕು. ದಪ್ಪ ಹೊಡೆದರೆ ಟೈರ್ ಹಾಕುವಾಗ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಟ್ಯೂಬ್ ಇಲ್ಲದ ಟೈರ್ ಆದರೆ ಅಲ್ಲಿಂದಲೇ ಗಾಳಿ ಸೋರಲು ಶುರು.

ಪ್ರೈಮರ್, ಆಮೇಲೆ ಬಣ್ಣ

ಮೊದಲು ಉಸಿರಾಟದ ಮಾತು. ಗಟ್ಟಿಕಾರಕ ಬೆರೆಸುವ ಯುರೇಥೇನ್ ಬಣ್ಣಗಳಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಶ್ವಾಸಕೋಶಕ್ಕೆ ಮಾಡುವ ಹಾನಿ ಶಾಶ್ವತ. ವಾಸನೆಯಿಂದ ಅದನ್ನು ಪತ್ತೆ ಮಾಡಲು ಆಗುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಇಲ್ಲದೆ ಅಂಥ ಬಣ್ಣವನ್ನು ಮನೆಯ ಶೆಡ್‌ನಲ್ಲಿ ಹೊಡೆಯಬೇಡಿ. ಗಟ್ಟಿಕಾರಕ ಬೇಡದ ಆಲ್ಕಿಡ್ ಎನಾಮಲ್ ಬಣ್ಣ ಮನೆಗೆ ಸರಿ. ಒಣಗಲು ನಿಧಾನ, ಆದರೆ ಹೊಳಪು ಚೆನ್ನ, ಹಳೆಯ ಗಾಡಿಗೆ ಒಪ್ಪುತ್ತದೆ. ಇದಕ್ಕೂ ಸಾವಯವ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಬೇಕೇ ಬೇಕು, ಬಾಗಿಲು ಕಿಟಕಿ ತೆರೆದಿರಬೇಕು.

ಗ್ರೀಸ್ ತೆಗೆಯುವ ದ್ರಾವಣದಿಂದ, ಎರಡು ಬಟ್ಟೆ ಇಟ್ಟುಕೊಂಡು ಒರೆಸಿ. ಒಂದರಿಂದ ಹಚ್ಚಿ, ಅದು ಒಣಗುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ತೆಗೆಯಿರಿ. ಒಂದೇ ಬಟ್ಟೆಯಾದರೆ ಜಿಡ್ಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ ಅಷ್ಟೇ. ಬರಿ ಉಕ್ಕಿನ ಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೋಟು. ಒಣಗಿದ ಮೇಲೆ 320, ಆಮೇಲೆ 400 ನಂಬರ್ ಪೇಪರ್‌ನಿಂದ ನೀರು ಹಾಕಿ ಉಜ್ಜಿ. ಮುಖದ ಭಾಗಕ್ಕೆ 600 ಹಿಡಿದರೆ ಗೆರೆ ಎಳೆಯುವಾಗ ಅದರ ಬೆಲೆ ಗೊತ್ತಾಗುತ್ತದೆ. ಮೈಯಲ್ಲಿ ತರಿ ಇದ್ದರೆ ಗೆರೆಯ ಅಂಚು ಅಲ್ಲೇ ಹರಿದುಹೋಗುತ್ತದೆ.

ಚಕ್ರವನ್ನು ತೂಗುಹಾಕಿ ಹೊಡೆಯುವುದಕ್ಕಿಂತ ಸೊಂಟದ ಎತ್ತರದಲ್ಲಿ ಮಲಗಿಸಿ, ತಿರುಗುವ ಸ್ಟ್ಯಾಂಡ್ ಮೇಲೆ ಇಟ್ಟು ಹೊಡೆಯುವುದು ಒಳ್ಳೆಯದು. ಹಳೆಯ ಹಬ್ ಒಂದನ್ನು ಪೈಪಿಗೆ ಬೆಸುಗೆ ಹಾಕಿದರೆ ಸ್ಟ್ಯಾಂಡ್ ಆಯಿತು. ಗನ್‌ಗೆ 1.3 ಅಥವಾ 1.4 ಮಿ.ಮೀ. ನಳಿಕೆ, ಗಾಳಿಯ ಒತ್ತಡ ಸುಮಾರು 2 ಬಾರ್, ದೂರ 15ರಿಂದ 20 ಸೆಂ.ಮೀ. ಮೊದಲು ಹಿಂಬದಿ ಮುಗಿಸಿ, ಒಣಗಲು ಬಿಡಿ, ಮಗುಚಿ. ಮುಂಭಾಗದಲ್ಲಿ ಗಾಳಿ ಕಿಂಡಿಗಳ ಅಂಚು, ರಿಮ್ಮಿನ ಮಡಿಕೆ, ಮೂಲೆಗಳು ಮೊದಲು. ತಟ್ಟೆಯ ಅಗಲದ ಮುಖ ಕೊನೆಗೆ. ಉಲ್ಟಾ ಮಾಡಿದರೆ ಮೂಲೆಗೆ ಹೊಡೆಯುವಾಗ ಹಾರಿದ ಪುಡಿ ಮುಖದ ಮೇಲೆ ಕೂತು ಹೊಳಪು ಹೋಗುತ್ತದೆ. ಮೊದಲ ಕೋಟು ತೆಳು, ಅಂಟು ಬರಲು ಬಿಡಿ, ಆಮೇಲೆ ಎರಡು ಒದ್ದೆ ಕೋಟು. ಬಣ್ಣ ಇಳಿಯುವುದು ಯಾವಾಗಲೂ ರಿಮ್ಮು ಮತ್ತು ತಟ್ಟೆ ಸೇರುವ ಕಣಿವೆಯಲ್ಲಿ. ಅಲ್ಲಿ ಕೈ ಬೇಗ ದಾಟಿಸಿ.

ಕೆಂಪು ಬಣ್ಣದ ಚಕ್ರ ಬೇಕೆನ್ನುವವರೇ ಜಾಸ್ತಿ. ಕಪ್ಪು ಗಾಡಿಗೆ ಕೆಂಪು ಚಕ್ರದಷ್ಟು ಚೆಂದ ಬೇರೆ ಇಲ್ಲ, ನಿಜ. ಆದರೆ ಕೆಂಪಿಗೆ ಮುಚ್ಚುವ ಶಕ್ತಿ ಕಡಿಮೆ, ಅಡಿಯ ಬಣ್ಣ ಇಣುಕುತ್ತದೆ. ನಾಲ್ಕೂ ಚಕ್ರಕ್ಕೆ ಒಂದೇ ಬಣ್ಣದ ಪ್ರೈಮರ್ ಹೊಡೆದಿಲ್ಲವಾದರೆ ನಾಲ್ಕು ಬಗೆಯ ಕೆಂಪು ಬರುತ್ತದೆ.

ಎನಾಮಲ್‌ನ ಡಬ್ಬಿಯ ಮೇಲೆ ಮತ್ತೆ ಯಾವಾಗ ಕೋಟು ಹೊಡೆಯಬಹುದು ಅಂತ ಬರೆದಿರುತ್ತದೆ. ಆ ಮಾತು ಮೀರಬೇಡಿ. ಅರೆ ಒಣಗಿದ ಎನಾಮಲ್ ಮೇಲೆ ಹೊಸ ಕೋಟು ಬಿದ್ದರೆ ತಿನ್ನರ್ ಒಳಗಿಳಿದು ಅಡಿಯ ಪದರ ಸುಕ್ಕುಗಟ್ಟುತ್ತದೆ.

ಟೈರ್ ಮೊದಲು, ಗೆರೆ ಆಮೇಲೆ

ಇದರಲ್ಲಿ ಭಿನ್ನಾಭಿಪ್ರಾಯ ಇದೆ. ಟೈರ್ ಹಾಕಿದ ಮೇಲೆಯೇ ಗೆರೆ ಎಳೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಟೈರ್ ಹಾಕುವ ಯಂತ್ರ ಗೀರುವುದಿದ್ದರೆ ಗೆರೆಗೂ ಮೊದಲೇ ಗೀರಿಬಿಡಲಿ, ತಿದ್ದಬಹುದು. ಇನ್ನೊಂದು ಕಾರಣ ಇನ್ನೂ ಮುಖ್ಯ. ಟೈರ್ ಇರುವ ಚಕ್ರ ಭಾರ. ಭಾರದ ಚಕ್ರ ಒಮ್ಮೆ ತಿರುಗಲು ಶುರುವಾದರೆ ತಡವರಿಸದೆ ಒಂದೇ ವೇಗದಲ್ಲಿ ಹೋಗುತ್ತದೆ. ತಿರುಗಿಸುವ ಕೈಗೆ ಹಿಡಿಯಲು ಟೈರ್ ಸಿಗುತ್ತದೆ, ಹೊಸ ಬಣ್ಣವನ್ನು ಮುಟ್ಟಬೇಕಾಗಿಲ್ಲ.

ಬಣ್ಣ ಹೊಡೆದು ಕನಿಷ್ಠ ಎರಡು ವಾರ ಬಿಟ್ಟು ಟೈರ್ ಹಾಕಿಸಿ. ಅಂಚಿಗೆ ಸೋಪಿನ ನೀರು ಧಾರಾಳವಾಗಿ ಹಚ್ಚಲು ಹೇಳಿ. ಹೊರ ಅಂಚಿಗೆ ಸಿಕ್ಕಿಸುವ ಬ್ಯಾಲೆನ್ಸ್ ತೂಕ ಬೇಡ, ಒಳಮೈಗೆ ಅಂಟಿಸುವ ತೂಕ ಹಾಕಿಸಿ.

ಗೆರೆಯ ಸಾಮಾನು

ಬೇಕಾದದ್ದು ಕತ್ತಿಯಾಕಾರದ ಬ್ರಶ್. ಅಳಿಲಿನ ಕೂದಲಿನದು, ಕೂದಲು ಸುಮಾರು 5 ಸೆಂ.ಮೀ. ಉದ್ದ, ಒಂದು ಬದಿ ಓರೆಯಾಗಿ ಕತ್ತರಿಸಿರುತ್ತದೆ, ಹಿಡಿ ಗಿಡ್ಡ. ಇಷ್ಟು ಉದ್ದದ ಕೂದಲು ಯಾಕೆ ಅಂದರೆ, ಹೊಟ್ಟೆಯಲ್ಲಿ ಬಣ್ಣ ತುಂಬಿಕೊಂಡು ತುದಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ, ಕೈಯ ಸಣ್ಣ ನಡುಕವನ್ನೂ ನುಂಗಿಕೊಳ್ಳುತ್ತದೆ. ಶುರು ಮಾಡುವವರಿಗೆ 00 ನಂಬರ್ ಸರಿ. 0 ಸ್ವಲ್ಪ ದಪ್ಪ, 000 ಸಣ್ಣ. ಅಮೆರಿಕದ ಮ್ಯಾಕ್ ಕಂಪನಿಯ ಬ್ರಶ್‌ಗಳು ಈ ಕೆಲಸದವರ ಕೈಯಲ್ಲಿ ತಲೆಮಾರುಗಳಿಂದ ಇವೆ.

ಬಣ್ಣ ಬೋರ್ಡು ಬರೆಯುವ ಎಣ್ಣೆ ಎನಾಮಲ್. ಒನ್ ಶಾಟ್ ಎಂಬುದು ಎಲ್ಲರಿಗೂ ಗೊತ್ತಿರುವ ಹೆಸರು. ಒಂದೇ ಎಳೆತಕ್ಕೆ ಅಡಿಯ ಬಣ್ಣ ಮುಚ್ಚುವಷ್ಟು ಗಾಢವಾಗಿರುತ್ತದೆ. ಸಾಮಾನ್ಯ ಗೋಡೆ ಬಾಗಿಲಿನ ಎನಾಮಲ್‌ಗೆ ಆ ಶಕ್ತಿ ಇಲ್ಲ. ಜೊತೆಗೆ ಮಿನರಲ್ ಟರ್ಪೆಂಟೈನ್, ನುಣುಪು ಹಾಳೆಯ ಒಂದು ಹಳೆ ಪತ್ರಿಕೆ, ನೀರಿಗೆ ಅಳಿಸಿಹೋಗುವ ಪೆನ್ಸಿಲ್, ನೂಲು ಬಿಡದ ಬಟ್ಟೆ.

ಗೆರೆ ಎಲ್ಲಿ ಬರಬೇಕು

ಹಬ್ ಕ್ಯಾಪ್ (ಚಕ್ರದ ನಡುಭಾಗ ಮುಚ್ಚುವ ತಟ್ಟೆ) ಮತ್ತು ರಿಮ್ಮಿನ ಹೊಳೆಯುವ ಉಂಗುರ ಎರಡನ್ನೂ ಹಾಕಿ ಅವುಗಳ ಅಂಚನ್ನು ಪೆನ್ಸಿಲ್‌ನಿಂದ ಗುರುತಿಸಿ, ತೆಗೆದಿಡಿ. ಕಾಣುವುದು ಆ ಎರಡು ಗುರುತಿನ ನಡುವಿನ ಪಟ್ಟಿ ಮಾತ್ರ. ಅದರಲ್ಲಿ ತಟ್ಟೆ ಉಬ್ಬಿರುವ ಏಣು ಇರುತ್ತದಲ್ಲ, ಗೆರೆಗೆ ಅದೇ ಸರಿಯಾದ ಜಾಗ. ಏಣಿನ ನೆತ್ತಿಯ ಮೇಲೆ ಬೇಡ, ಸ್ವಲ್ಪ ಒಳಕ್ಕೆ ಅಥವಾ ಹೊರಕ್ಕೆ. ನೆತ್ತಿಯ ಮೇಲೆ ಬ್ರಶ್ ಜಾರುತ್ತದೆ.

ಮೂರು ಗೆರೆ ಹಾಕುವವರಿದ್ದಾರೆ. ನನಗೆ ಎರಡೇ ಸಾಕು ಅನ್ನಿಸುತ್ತದೆ. ಒಂದು 3 ಮಿ.ಮೀ., ಅದರ ಒಳಗೆ 1.5 ಮಿ.ಮೀ.ನದು ಇನ್ನೊಂದು, ನಡುವೆ ದಪ್ಪ ಗೆರೆಯಷ್ಟೇ ಜಾಗ. ಕೆಂಪು ಅಥವಾ ಕಪ್ಪು ಚಕ್ರಕ್ಕೆ ಕೆನೆ ಬಣ್ಣ ಒಪ್ಪುತ್ತದೆ. ಅಚ್ಚ ಬಿಳಿ ಹೊಸದಾಗಿ, ಒರಟಾಗಿ ಕಾಣುತ್ತದೆ. ಬಾಡಿಯಲ್ಲಿ ಗೆರೆ ಇದ್ದರೆ ಅದೇ ಡಬ್ಬಿಯ ಬಣ್ಣ ಹಾಕಿ.

ಚಕ್ರವನ್ನು ಮುಂದಿನ ಹಬ್‌ಗೇ ಹಾಕಿ. ಬ್ರೇಕ್ ಉಜ್ಜಬಾರದು. ಬೋಲ್ಟಿನ ಅಳತೆ ಒಂದೇ ಆಗಿದ್ದರೆ ಹಿಂದಿನ ಚಕ್ರಗಳನ್ನೂ ಒಂದೊಂದಾಗಿ ಇದೇ ಹಬ್‌ಗೆ ಹಾಕಿ ಎಳೆಯಿರಿ. ಕೈ ಊರುವ ಹಲಗೆ, ಕೂರುವ ಜಾಗ, ಬೆಳಕು ಯಾವುದೂ ಬದಲಾಗುವುದಿಲ್ಲ, ನಾಲ್ಕೂ ಚಕ್ರ ಒಂದೇ ತರ ಬರುತ್ತವೆ. ಹಬ್‌ನ ಎತ್ತರಕ್ಕೆ ಸರಿಯಾಗಿ ಒಂದು ಗಟ್ಟಿ ಹಲಗೆಯನ್ನು ಅಲುಗಾಡದ ಹಾಗೆ ಕ್ಲ್ಯಾಂಪ್ ಮಾಡಿ, ಚಕ್ರದಿಂದ ಎರಡು ಬೆರಳಿನಷ್ಟು ದೂರದಲ್ಲಿ. ಪೆನ್ಸಿಲನ್ನು ಹಲಗೆಗೆ ಒತ್ತಿ ಹಿಡಿದು ಚಕ್ರವನ್ನು ಒಂದು ಸುತ್ತು ತಿರುಗಿಸಿ. ಪೆನ್ಸಿಲ್ ಗೆರೆ ಶುರುವಾದಲ್ಲೇ ಬಂದು ಸೇರಿದರೆ ಎಲ್ಲ ಸರಿಯಿದೆ. ಕೇಂದ್ರದಿಂದ ಎಷ್ಟು ದೂರ ಅಂತ ಅಳೆದು ಬರೆದಿಟ್ಟುಕೊಂಡರೆ ಉಳಿದ ಮೂರಕ್ಕೂ ಅದೇ ಅಳತೆ.

ಬ್ರಶ್‌ಗೆ ಬಣ್ಣ ಕುಡಿಸುವುದು

ಕೆಲಸ ಕೆಡುವುದು ಇಲ್ಲೇ, ಚಕ್ರದ ಹತ್ತಿರ ಹೋಗುವ ಮೊದಲೇ. ಬ್ರಶ್ಶನ್ನು ಟರ್ಪೆಂಟೈನ್‌ನಲ್ಲಿ ಅದ್ದಿ, ಬಟ್ಟೆಗೆ ಒತ್ತಿ, ಬಣ್ಣಕ್ಕೆ ಕೂದಲಿನ ಮುಕ್ಕಾಲು ಭಾಗ ಮುಳುಗಿಸಿ. ಪತ್ರಿಕೆಯ ಹಾಳೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆಯಿರಿ, ಆ ಕಡೆ ಒಮ್ಮೆ, ಮಗುಚಿ ಈ ಕಡೆ ಒಮ್ಮೆ. ಬಣ್ಣ ಕೂದಲಿನ ನಡುವೆ ಇಳಿಯುತ್ತ ಹೋದ ಹಾಗೆ ಬ್ರಶ್ ಚಪ್ಪಟೆಯಾಗಿ ಚಾಕುವಿನ ಅಲಗಿನ ತರ ಆಗುತ್ತದೆ. ತುದಿಯಲ್ಲಿ ಒಂದೂ ಕೂದಲು ಚದುರಿರಬಾರದು.

ಹದ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಹಾಳೆಯ ಮೇಲೆ ಎಳೆಯುವಾಗ ಬ್ರಶ್ ಹಿಡಿದು ಜಗ್ಗಿದರೆ ಬಣ್ಣ ಗಟ್ಟಿ, ಅಂಥ ಗೆರೆ ಅರ್ಧಕ್ಕೇ ಒಡೆದು ಚುಕ್ಕೆ ಚುಕ್ಕೆಯಾಗುತ್ತದೆ. ಬ್ರಶ್ಶಿನ ಮೂಲೆಯನ್ನು ಟರ್ಪೆಂಟೈನ್‌ಗೆ ಮುಟ್ಟಿಸಿ ಮತ್ತೆ ಎಳೆಯಿರಿ. ತಡೆಯೇ ಇಲ್ಲದೆ ಜಾರಿಹೋದರೆ ತೆಳು, ಅಂಚು ಹರಡುತ್ತದೆ, ಅಡಿಯ ಬಣ್ಣ ಕಾಣುತ್ತದೆ. ನುಣ್ಣಗೆ ಸಣ್ಣ ತಡೆ ಕೊಡುತ್ತ ಹೋದರೆ ಹದ ಬಂತು. ಡಬ್ಬಿಗೆ ಒಮ್ಮೆಲೇ ಟರ್ಪೆಂಟೈನ್ ಸುರಿಯಬೇಡಿ. ಕೂತ ಹೊತ್ತಿನಲ್ಲೇ ಬಣ್ಣ ಗಟ್ಟಿಯಾಗುತ್ತ ಹೋಗುತ್ತದೆ, ಆದ್ದರಿಂದ ಪ್ರತಿ ಸಲ ತುಂಬಿದಾಗಲೂ ಹದ ನೋಡಲೇಬೇಕು.

ಎಳೆಯುವುದು

ಮೊದಲ ಸುತ್ತನ್ನು ಹಬ್ ಕ್ಯಾಪ್ ಮುಚ್ಚುವ ಜಾಗದಲ್ಲಿ ಎಳೆಯಿರಿ. ಹೇಗೇ ಬಂದರೂ ಕಾಣುವುದಿಲ್ಲ, ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಅಲ್ವಾ? ಆಮೇಲೆ ಚಕ್ರದ ಮುಖವನ್ನು ಗ್ರೀಸ್ ದ್ರಾವಣದಿಂದ ಒರೆಸಿ. ಪೆನ್ಸಿಲ್ ಗುರುತು ಅಳಿಸಿದರೆ ಮತ್ತೆ ಹಾಕಿ.

ಬ್ರಶ್ಶನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಕೂದಲಿನ ಬುಡಕ್ಕೆ ಹತ್ತಿರ ಹಿಡಿಯಿರಿ. ಕೈಯ ಕಿರುಬೆರಳಿನ ಕಡೆಯ ಬದಿ ಹಲಗೆಯ ಮೇಲೆ ಭದ್ರವಾಗಿ ಕೂತಿರಲಿ. ಕೂದಲಿನ ತುದಿ ಯಾವ ಕಡೆಗಿದೆಯೋ ಚಕ್ರದ ಮೈ ಆ ಕಡೆಗೆ ಓಡಬೇಕು. ಉಲ್ಟಾ ತಿರುಗಿಸಿದರೆ ಕೂದಲು ಮಡಚಿ ಚದುರುತ್ತದೆ.

ಎಡಗೈಯಲ್ಲಿ ಟೈರನ್ನು ಮೆಲ್ಲಗೆ ತಿರುಗಿಸಲು ಶುರು ಮಾಡಿ, ಚಕ್ರ ಚಲಿಸುತ್ತಿರುವಾಗಲೇ ಬ್ರಶ್ ತಾಗಿಸಿ. ನಿಂತ ಚಕ್ರಕ್ಕೆ ತಾಗಿಸಿದರೆ ಅಲ್ಲೊಂದು ಬೊಟ್ಟು ಕೂರುತ್ತದೆ. ಒತ್ತಿದಷ್ಟೂ ಗೆರೆ ಅಗಲ. ಬೇಕಾದ ಅಗಲ ಬಂದ ತಕ್ಷಣ ಬೆರಳನ್ನು ಅಲ್ಲಿಗೇ ನಿಲ್ಲಿಸಿ, ಮುಂದೆ ಏನೂ ಮಾಡಬೇಡಿ. ಕಣ್ಣು ಬ್ರಶ್ ಮೇಲೆ ಬೇಡ, ಅದರತ್ತ ಬರುತ್ತಿರುವ ಪೆನ್ಸಿಲ್ ಗೆರೆಯ ಮೇಲಿರಲಿ. ಚಿಕ್ಕ ವೃತ್ತಕ್ಕೆ ಉದ್ದ ಕೂದಲನ್ನು ಪೂರ್ತಿ ಮಲಗಿಸಿದರೆ ತಿರುವಿನಲ್ಲಿ ಉಜ್ಜಿ ಗೆರೆ ದಪ್ಪವಾಗುತ್ತದೆ. ಹಿಡಿಯನ್ನು ಸ್ವಲ್ಪ ಎತ್ತಿ, ತುದಿಯ ಭಾಗ ಮಾತ್ರ ತಾಗಲಿ.

ಅಡ್ಡಳತೆ 30 ಸೆಂ.ಮೀ. ಇರುವ ವೃತ್ತ ಎಂದರೆ ಸುಮಾರು 94 ಸೆಂ.ಮೀ. ಉದ್ದದ ಗೆರೆ. ಚೆನ್ನಾಗಿ ಬಣ್ಣ ಕುಡಿದ ಬ್ರಶ್ ಸಣ್ಣ ಗೆರೆಯನ್ನು ಒಂದೇ ಉಸಿರಿಗೆ ಮುಗಿಸಬಲ್ಲದು. ದಪ್ಪ ಗೆರೆಯಲ್ಲಿ ನಡುವೆ ಬಣ್ಣ ಸಾಲದೆ ಬರಬಹುದು. ಗೆರೆ ತೆಳುವಾಗುತ್ತಿದೆ ಅನ್ನಿಸಿದರೆ ಬಲವಂತ ಮಾಡಬೇಡಿ. ಚಕ್ರ ತಿರುಗುತ್ತಿರುವಾಗಲೇ ಬ್ರಶ್ ಎತ್ತಿ, ತುಂಬಿ, ಮೂರು ನಾಲ್ಕು ಸೆಂ.ಮೀ. ಹಿಂದಿನಿಂದ ಹಳೆ ಗೆರೆಯ ಮೇಲೇ ಇಳಿಸಿ. ಕೊನೆಯ ಕೂಡುವಿಕೆಯೂ ಹೀಗೇ. ಶುರುವಿನ ಗೆರೆಯ ಮೇಲೆ ಸ್ವಲ್ಪ ದೂರ ಹತ್ತಿ, ಒತ್ತಡ ಕಡಿಮೆ ಮಾಡುತ್ತ ಎತ್ತಿ. ಶುರುವಿನ ಜಾಗ ವಾಲ್ವ್‌ನ ನೇರಕ್ಕೆ ಇದ್ದರೆ ಕೂಡಿದ ಗುರುತು ಯಾರ ಕಣ್ಣಿಗೂ ಬೀಳುವುದಿಲ್ಲ.

ಕೆಟ್ಟರೆ? ಟರ್ಪೆಂಟೈನ್ ತೇವ ಮಾಡಿದ ಬಟ್ಟೆಯಿಂದ ಇಡೀ ಸುತ್ತನ್ನು ಒರೆಸಿ ಮತ್ತೆ ಎಳೆಯಿರಿ. ಒಂದು ತುಂಡನ್ನು ಮಾತ್ರ ತಿದ್ದಲು ಹೋದರೆ ಅದು ಎದ್ದು ಕಾಣುತ್ತದೆ. ಅಡಿಯ ಎನಾಮಲ್ ವಾರಗಟ್ಟಲೆ ಒಣಗಿದ್ದರೆ ಮಾತ್ರ ಹೀಗೆ ಒರೆಸಲು ಧೈರ್ಯ ಬರುತ್ತದೆ. ಬಣ್ಣ ಹೊಡೆದ ಮೇಲೆ ಆತುರ ಬೇಡ ಅನ್ನುವುದು ಅದಕ್ಕೇ.

ಆಮೇಲೆ

ಗೆರೆಯ ಮೇಲೆ ಕ್ಲಿಯರ್ ಕೋಟು (ಬಣ್ಣವಿಲ್ಲದ ಪಾರದರ್ಶಕ ಪದರ) ಹೊಡೆಯಬೇಡಿ. ಅದರ ತಿನ್ನರ್ ಎಣ್ಣೆ ಎನಾಮಲ್ಲನ್ನು ಸುಕ್ಕು ಮಾಡಬಹುದು. ಬರಿ ಗೆರೆಯೇ ವರ್ಷಗಟ್ಟಲೆ ಬಾಳುತ್ತದೆ. ಒಂದು ದಿನ ಮುಟ್ಟಬೇಡಿ, ಎರಡು ವಾರ ತೊಳೆಯಬೇಡಿ, ವ್ಯಾಕ್ಸ್ ಒಂದು ತಿಂಗಳ ಮೇಲೆ.

ಬ್ರಶ್ಶನ್ನು ಟರ್ಪೆಂಟೈನ್‌ನಲ್ಲಿ ಬಣ್ಣ ಬಿಡುವುದು ನಿಲ್ಲುವ ತನಕ ತೊಳೆಯಿರಿ. ಬುಡದಲ್ಲಿ ಉಳಿದ ಬಣ್ಣ ಗಟ್ಟಿಯಾದರೆ ಕೂದಲು ಅರಳಿಕೊಳ್ಳುತ್ತದೆ, ಆ ಬ್ರಶ್ ಮತ್ತೆ ಗೆರೆಗೆ ಬರುವುದಿಲ್ಲ. ಒಣಗದ ಎಣ್ಣೆ, ಅಂದರೆ ಮಕ್ಕಳಿಗೆ ಹಚ್ಚುವ ಮಿನರಲ್ ಆಯಿಲ್ಲೋ ಎಂಜಿನ್ ಆಯಿಲ್ಲೋ ಹಚ್ಚಿ, ಆಕಾರ ತಿದ್ದಿ, ಮಲಗಿಸಿಡಿ. ಮುಂದಿನ ಸಲ ಬಳಸುವ ಮೊದಲು ಆ ಎಣ್ಣೆ ಪೂರ್ತಿ ತೊಳೆದು ತೆಗೆಯಿರಿ. ಬಣ್ಣ, ಟರ್ಪೆಂಟೈನ್ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಎಣ್ಣೆ ಬಣ್ಣದ ಬಟ್ಟೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಗಿಸಿ.

ಚಕ್ರಗಳನ್ನು ಹಾಕುವಾಗ ನಟ್ಟನ್ನು ಎದುರುಬದುರು ಕ್ರಮದಲ್ಲಿ, ಟಾರ್ಕ್ ರೆಂಚ್‌ನಿಂದ (ಬಿಗಿ ಅಳೆದು ತೋರಿಸುವ ಸ್ಪ್ಯಾನರ್), ಆ ಗಾಡಿಗೆ ಹೇಳಿದ ಅಳತೆಗೆ ಬಿಗಿ ಮಾಡಿ. ಸ್ಪ್ಯಾನರ್ ಜಾರಿ ಗೀರದ ಹಾಗೆ ಸಾಕೆಟ್ಟಿನ ಹೊರಮೈಗೆ ಎರಡು ಸುತ್ತು ಟೇಪ್ ಸುತ್ತಿ. 80ರಿಂದ 100 ಕಿ.ಮೀ. ಓಡಿದ ಮೇಲೆ, ಚಕ್ರ ತಣ್ಣಗಿರುವಾಗ, ಹಬ್ ಕ್ಯಾಪ್ ತೆಗೆದು ಪ್ರತಿ ನಟ್ಟಿನ ಬಿಗಿಯನ್ನೂ ಅದೇ ರೆಂಚ್‌ನಿಂದ ಮತ್ತೆ ನೋಡಿ.